ಬೀಳುವಂತೆ ಹೊಲಿದ ಗುಂಡಿ

ಹನ್ನೊಂದು ಜಾಕೆಟ್ಟು ಬೇಕಂತೆ, ಒಂದೇ ಬಣ್ಣ, ಒಂದೇ ಮಿಂಚು.
ಲುಲ್ವಾ ಹದಿನೇಳರವಳು, ಲುಲ್ವಾ ಮೂವತ್ತರವಳು,
ಲುಲ್ವಾ ಕಾಯಿಲೆಯಿಂದ ಎದ್ದು ಭುಜ ಇಳಿದವಳು.
ಮನಾಮಾ ಸೂಕಿನ ಒಳಗಲ್ಲಿಯ
ನನ್ನ ಅಂಗಡಿಯ ಗಾಜಿಗೆ ಫೋಟೋ ಅಂಟಿಸಿ
ಸಿನಿಮಾದ ಹುಡುಗಿ ಹೆಸ್ಸಾ ಹೇಳಿದಳು:
‘ಮಾಸ್ಟರ್, ಅವಳ ಇಡೀ ಬದುಕು ಎರಡು ಗಂಟೆ ಹತ್ತು ನಿಮಿಷ.
ನಿಮಗೆ ಮೂರು ವಾರ.’

ಕಳಕಪ್ಪ ಅನ್ನಲು ನಾಲಿಗೆ ಹೊರಳದೆ
ಎಲ್ಲರಿಗೂ ನಾನು ಮಾಸ್ಟರ್.
ಹೇಳಲೋ ಬೇಡವೋ ಎಂದು ಸೀಮೆಸುಣ್ಣ ತಿರುಗಿಸುತ್ತ ಕೂತೆ.
ಆಮೇಲೆ ಹೇಳಿದೆ.

ಆ ವರ್ಷ ನನಗೆ ಇಪ್ಪತ್ತಮೂರು.
ಗಜೇಂದ್ರಗಡದಿಂದ ಬಂದು ಎಂಟು ತಿಂಗಳು,
ಬರುತ್ತಿದ್ದ ಅರಬ್ಬಿ ಮೂರೇ ಮಾತು: ಉದ್ದ, ಗಿಡ್ಡ, ನಾಳೆ.
ಹೋಟೆಲಿನ ಕಾರು ಬಂದು ನಿಂತಿತು, ಸೂಜಿದಾರ ತಾ ಅಂದರು.
ಅಡುಗೆಮನೆಯ ಹಿಂದಿನ ಓಣಿ, ಈರುಳ್ಳಿ ಮೂಟೆ,
ಅದರ ಪಕ್ಕ ನಿಂತಿದ್ದಳು ಲುಲ್ವಾ
ಎದೆಯ ಎರಡನೇ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು,
ಬಿದ್ದ ಹಲ್ಲು ತೋರಿಸುವ ಮಗುವಿನ ಹಾಗೆ.
ಮುತ್ತಿನ ಚಿಪ್ಪಿನ ಗುಂಡಿ. ಅವಳಜ್ಜ ಮುತ್ತಿಗೆ ಮುಳುಗುತ್ತಿದ್ದವನಂತೆ.

ಮೈಮೇಲಿನ ಬಟ್ಟೆಗೆ ಸೂಜಿ ತಾಗಿಸಬಾರದು,
ತಾಗಿಸಲೇಬೇಕಾದರೆ ತೊಟ್ಟವರ ಹಲ್ಲಿಗೊಂದು ಎಳೆ ಕಚ್ಚಿಸು,
ಅನ್ನುತ್ತಿದ್ದಳು ಅವ್ವ. ಇದನ್ನು ಅರಬ್ಬಿಯಲ್ಲಿ ಹೇಳುವುದು ಹೇಗೆ?
ನಾನೇ ಒಂದು ದಾರ ಕಚ್ಚಿ ತೋರಿಸಿದೆ.
ನಕ್ಕಳು. ಕಚ್ಚಿದಳು.
ಹೊರಗೆ ಮೂರು ಸಾವಿರ ಜನ ಅವಳ ಹೆಸರನ್ನು ನೆಲಕ್ಕೆ ಕುಟ್ಟುತ್ತಿದ್ದರು.
ಒಳಗೆ ಅವಳು ಆ ಹಲ್ಲಿನ ಸಂದಿಯಿಂದ
ಏನೋ ಗುನುಗಿದಳು, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ್ದು.
ನಾಲ್ಕು ಸುತ್ತು ದಾರ, ಎರಡು ಗಂಟು,
ಅಷ್ಟೇ ಉದ್ದದ್ದು.

ಹೆಸ್ಸಾ ಬರೆದುಕೊಂಡಳು, ನಿರ್ದೇಶಕನಿಗೆ ತೋರಿಸಿದಳು.
‘ಚಂದ ಇದೆ,’ ಅಂದನಂತೆ. ‘ಆದರೆ ನಮ್ಮ ಗುಂಡಿ
ಸ್ಟೇಜಿನ ಮೇಲೆ ಬೀಳಬೇಕು.
ಅಲ್ಲಿಂದ ಅವಳ ಇಳಿಗಾಲ ಶುರು.’

ಮಾಸ್ಟರ್, ಬೀಳುವಂತೆ ಹೊಲಿಯಿರಿ.

ಮೂವತ್ತೆಂಟು ವರ್ಷ ಬೀಳದಂತೆ ಹೊಲಿದ ಕೈ.
ಪೊಲೀಸರ ಅಂಗಿ, ಶಾಲೆಮಕ್ಕಳ ಅಂಗಿ,
ಪೆಟ್ಟಿಗೆಯಲ್ಲಿ ಊರಿಗೆ ಹೋದವನೊಬ್ಬನ ಕೊನೆಯ ಶರಟು ಕೂಡ.
ಒಂದೇ ಸುತ್ತು, ಗಂಟಿಲ್ಲ. ಕೈ ಹೇಸಿತು.

ಮೊದಲ ಸಲ ಗುಂಡಿ ಬಿತ್ತು, ಬೆಳಕು ತಪ್ಪಿತು.
ಎರಡನೇ ಸಲ ಬಿತ್ತು, ನಟಿ ಮೊದಲೇ ಅತ್ತುಬಿಟ್ಟಳು.
ಆಮೇಲೆ ಲೆಕ್ಕ ತಪ್ಪಿತು. ದಿನಗೂಲಿಯ ಅಭಿಮಾನಿಗಳು,
ಅರ್ಧಕ್ಕರ್ಧ ಲೇಬರ್ ಕ್ಯಾಂಪಿನ ಹುಡುಗರು,
ಕೇಳಿಸದ ಹಾಡಿಗೆ ಕೈ ಬೀಸಿ ಬೀಸಿ
ಬಿರಿಯಾನಿ ಪೊಟ್ಟಣದ ವ್ಯಾನಿನ ಕಡೆ ನೋಡುತ್ತಿದ್ದರು.
ಪ್ರತಿ ಸಲ ನಾನು ಓಡಬೇಕು,
ಮತ್ತೆ ಅದೇ ಸುಳ್ಳು ಹೊಲಿಗೆ ಹಾಕಬೇಕು.
ನಟಿ ಬೈರೂತಿನ ಹುಡುಗಿ, ಒಳ್ಳೆಯವಳು.
ದಾರ ಕೊಟ್ಟೆ. ಯಾಕೆ ಎಂದು ಕೇಳದೆ ಕಚ್ಚಿದಳು.
ಗುನುಗಲಿಲ್ಲ. ಅವಳಿಗೇನು ಗೊತ್ತು?

ಏಳನೆಯ ಸಲ ಏನಾಯಿತೋ,
ಆ ಧಾಟಿ ನನ್ನ ಬಾಯಿಗೇ ಬಂತು,
ಬೆರಳು ಅದರ ಹಿಂದೆ ಹೋಯಿತು.
ನಾಲ್ಕು ಸುತ್ತು. ಎರಡು ಗಂಟು.

ಎಳೆದಳು. ಬೀಳಲಿಲ್ಲ.
ಇನ್ನೊಮ್ಮೆ ಎಳೆದಳು. ಜಾಕೆಟ್ಟೇ ಮುಂದೆ ಬಂತು, ಗುಂಡಿ ಕದಲಲಿಲ್ಲ.
ನಕ್ಕುಬಿಟ್ಟಳು ಹುಡುಗಿ, ಕತ್ತು ಹಿಂದೆ ಚೆಲ್ಲಿ.
ಈರುಳ್ಳಿ ಮೂಟೆಯ ಪಕ್ಕದ ನಗು ಅದು, ನಾನು ಬಲ್ಲೆ.
‘ಕಟ್!’ ಕೂಗಿದ ನಿರ್ದೇಶಕ,
‘ಯಾರು ಹೊಲಿದದ್ದು ಇದನ್ನ?’

ಎಂಟನೆಯ ಸಲ ಬಿತ್ತು. ಸಿನಿಮಾದಲ್ಲಿರುವುದು ಅದೇ.

ಮೊನ್ನೆ ಶುಕ್ರವಾರ ಇಸ್ತ್ರಿಯ ದಿಲ್ ಕುಮಾರನ ಜೊತೆ ನೋಡಿ ಬಂದೆ.
ಗುಂಡಿ ಉರುಳಿತು, ಉರುಳುತ್ತಲೇ ಇತ್ತು,
ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು.
‘ಬಿದ್ದಿರಲಿಲ್ಲ’ ಅಂದೆ,
ಕನ್ನಡದಲ್ಲಿ, ತುಸು ಗಟ್ಟಿಯಾಗಿಯೇ.
ಶ್ ಅಂದರು.

ಕೊನೆಗೆ ಹೆಸರುಗಳು ಇರುವೆಸಾಲಿನಂತೆ ಏರತೊಡಗಿದವು.
ಬಡಗಿಗಳು, ಡ್ರೈವರುಗಳು, ಚಹಾದವನು.
ನಿಮ್ಮದೂ ಇದೆಯಾ ಮಾಸ್ಟರ್, ಕೇಳಿದ ದಿಲ್ ಕುಮಾರ.
ಕನ್ನಡಕ ಅಂಗಡಿಯಲ್ಲೇ ಬಿಟ್ಟಿದ್ದೆ.